ಆನರ್ಸ್‌ನಲ್ಲಿ ಏನು ಸಿಗುತ್ತದೆ, ಪಡೆಯುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ದ್ವಿತೀಯ ಪಿಯುಸಿಯಲ್ಲಿ ಶೇ 90ರ ಮೇಲೆ ಅಂಕ ತೆಗೆದ ಮಕ್ಕಳಿಗೆ ನಮ್ಮ ಕಡೆ ಎರಡೇ ಬಾಗಿಲು ತೋರಿಸುತ್ತಾರೆ: ನೀಟ್ ಮತ್ತು ಸಿಇಟಿ. ಗಣಿತವನ್ನೋ ಇತಿಹಾಸವನ್ನೋ ಸಸ್ಯಶಾಸ್ತ್ರವನ್ನೋ ಇಷ್ಟಪಟ್ಟು ಪದವಿ ಕಾಲೇಜಿಗೆ ಬಂದವರನ್ನು ಬಂಧುಗಳು ‘ಪಾಪ, ಸೀಟು ಸಿಗಲಿಲ್ಲವೇನೋ’ ಎಂಬಂತೆ ನೋಡುತ್ತಾರೆ. ಕಾಲೇಜಿನಲ್ಲಾದರೂ ಅವರ ಹಸಿವಿಗೆ ತಕ್ಕ ಊಟ ಇರುತ್ತದೆಯೇ? ಎಂಬತ್ತು ಜನರ ತರಗತಿ, ಬರೆದುಕೊಳ್ಳುವ ನೋಟ್ಸ್, ಪರೀಕ್ಷೆಗೆ ಹತ್ತು ದಿನ ಮುಂಚೆ ಕೈಗೆ ಬರುವ ಪ್ರಶ್ನೋತ್ತರ. ಇಷ್ಟರಲ್ಲೇ ತೃಪ್ತರಾಗದವರಿಗೆಂದು ವಿಶ್ವವಿದ್ಯಾಲಯಗಳು ಮಾಡಿಕೊಂಡ ಏರ್ಪಾಡು ಆನರ್ಸ್. ಅದು ನಮ್ಮ ಎರಡು ಜಿಲ್ಲೆಗಳಲ್ಲಿ ಎಲ್ಲಿ, ಯಾವ ರೂಪದಲ್ಲಿ ಇದೆ, ಇಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನು ನೋಡೋಣ.

ಮೊದಲು, ಏನನ್ನು ಕೇಳಬೇಕೆಂದು ತಿಳಿದುಕೊಳ್ಳಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಸ್ವಾರ್ಥ್‌ಮೋರ್ ಎಂಬ ಸಣ್ಣ ಕಾಲೇಜು 1922ರಲ್ಲಿ ಆನರ್ಸ್ ಆರಂಭಿಸಿತು. ಆಗ ಅಧ್ಯಕ್ಷರಾಗಿದ್ದ ಫ್ರ್ಯಾಂಕ್ ಐಡೆಲಾಟ್ ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಅಲ್ಲಿ ಗುರು ಮತ್ತು ಶಿಷ್ಯ ಎದುರುಬದುರು ಕುಳಿತು ವಾದಿಸುವ ಪದ್ಧತಿಯನ್ನು ಕಂಡವರು. ಸ್ವಾರ್ಥ್‌ಮೋರಿನ ಆನರ್ಸ್ ವಿದ್ಯಾರ್ಥಿಗಳು ಕೊನೆಯ ಎರಡು ವರ್ಷಗಳಲ್ಲಿ ಸಣ್ಣ ಗುಂಪಿನ ಸೆಮಿನಾರುಗಳಲ್ಲಿ ಕುಳಿತು, ತಾವೇ ಬರೆದದ್ದನ್ನು ಓದಿ, ಚರ್ಚೆ ಎದುರಿಸುತ್ತಾರೆ. ಕೊನೆಗೆ ಬೇರೆ ಸಂಸ್ಥೆಗಳಿಂದ ಪರೀಕ್ಷಕರು ಬಂದು ಲಿಖಿತ ಮತ್ತು ಮೌಖಿಕ ಪರೀಕ್ಷೆ ನಡೆಸುತ್ತಾರೆ. ಪಾಠ ಹೇಳಿದವರು ಅಲ್ಲಿ ಅಂಕ ಹಾಕುವುದಿಲ್ಲ. ಹಾಗಾಗಿ ಅಧ್ಯಾಪಕರೂ ವಿದ್ಯಾರ್ಥಿಯೂ ಒಂದೇ ಪಕ್ಷ, ಪರೀಕ್ಷಕರು ಎದುರು ಪಕ್ಷ. ಇಂಟರ್ನಲ್ ಅಂಕಕ್ಕಾಗಿ ಮೇಷ್ಟರ ಮುಖ ನೋಡುತ್ತಾ ಕೂರುವ ನಮ್ಮ ಪದ್ಧತಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ.

ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ಇದಕ್ಕೆ ಇನ್ನೂ ಕೆಲವನ್ನು ಸೇರಿಸಿಕೊಂಡವು. ಅರಿಜೋನಾ ಸ್ಟೇಟ್, ಪೆನ್ ಸ್ಟೇಟ್‌ನಂಥ ಕಡೆ ವಿಶ್ವವಿದ್ಯಾಲಯದ ಒಳಗೇ ಪ್ರತ್ಯೇಕ ಆನರ್ಸ್ ಕಾಲೇಜು ಇದೆ. ಅದರ ವಿದ್ಯಾರ್ಥಿಗಳಿಗೆ ತಮ್ಮದೇ ಸಲಹೆಗಾರರು, ವಿಷಯಗಳನ್ನು ಆರಿಸಿಕೊಳ್ಳಲು ಉಳಿದವರಿಗಿಂತ ಮೊದಲ ಅವಕಾಶ, ಒಟ್ಟಿಗೆ ಇರಲು ಹಾಸ್ಟೆಲ್, ವಿದ್ಯಾರ್ಥಿವೇತನ, ಕೊನೆಗೆ ಒಂದು ಸಂಶೋಧನಾ ಪ್ರಬಂಧ. ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಪ್ರತ್ಯೇಕ ಹಾಸ್ಟೆಲಿನಿಂದ ಯಾರೂ ವಿದ್ವಾಂಸರಾಗುವುದಿಲ್ಲ. ನನ್ನ ಮಟ್ಟಿಗೆ ಇದರ ತಿರುಳು ಮೂರೇ: ಪ್ರಶ್ನೆ ಕೇಳಲು ಜಾಗವಿರುವ ಸಣ್ಣ ತರಗತಿ, ನಿಮ್ಮ ಬರಹವನ್ನು ಸಾಲು ಸಾಲಾಗಿ ಓದುವ ಒಬ್ಬ ಅಧ್ಯಾಪಕರು, ತಿಂಗಳುಗಟ್ಟಲೆ ಕೂತು ನೀವೇ ಮಾಡಿ ಮುಗಿಸಿದ ಒಂದು ಕೆಲಸ. ಯಾವ ಕಾಲೇಜನ್ನು ಅಳೆಯುವಾಗಲೂ ಈ ಮೂರನ್ನು ಇಟ್ಟುಕೊಂಡು ಅಳೆಯಿರಿ.

ನಿಮ್ಮ ಮುಂದಿರುವುದು ಯಾವ ಆನರ್ಸ್?

ಒಂದೇ ಹೆಸರಿನಡಿ ಬೇರೆ ಬೇರೆ ವ್ಯವಸ್ಥೆಗಳಿರುವುದರಿಂದ ಪ್ರಾಸ್ಪೆಕ್ಟಸ್ ಓದುವವರಿಗೆ ಗೊಂದಲವಾಗುವುದು ಸಹಜ.

ಹಾಸನದ ಕಾರೇಕೆರೆಯ ಕೃಷಿ ಮಹಾವಿದ್ಯಾಲಯದಲ್ಲಿ ಮತ್ತು ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಬಿ.ಎಸ್ಸಿ. ಪದವಿಯ ಹೆಸರಿನಲ್ಲೇ ಆನರ್ಸ್ ಇದೆ. ಸೇರಿದ ಎಲ್ಲರಿಗೂ ಅದೇ ನಾಲ್ಕು ವರ್ಷದ ಪದವಿ, ಪ್ರತ್ಯೇಕ ಆಯ್ಕೆ ಇಲ್ಲ. ಆದರೆ ಕೊನೆಯ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರೊಡನೆ ಕೆಲಸ ಮಾಡಬೇಕು. ಅದನ್ನು ಹಾಜರಿಗಾಗಿ ಮುಗಿಸುವವರೂ ಇದ್ದಾರೆ, ಸಂಶೋಧನೆಯ ಮೊದಲ ಪಾಠವಾಗಿ ಬಳಸಿಕೊಳ್ಳುವವರೂ ಇದ್ದಾರೆ.

ಎಂಜಿನಿಯರಿಂಗ್‌ನಲ್ಲಿ ಆನರ್ಸ್ ಎಂದರೆ ಹೆಚ್ಚುವರಿ ಕ್ರೆಡಿಟ್. ಕ್ರೆಡಿಟ್ ಎಂದರೆ ಒಂದು ಕೋರ್ಸಿಗೆ ಎಷ್ಟು ಓದು ಬೇಕೆಂಬುದರ ಅಳತೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಮಾದರಿ ಪಠ್ಯಕ್ರಮದಲ್ಲಿ ಪದವಿಗೆ 160 ಕ್ರೆಡಿಟ್ ಇದ್ದರೆ, ಆನರ್ಸ್‌ಗೆ ಇನ್ನೂ 20 ಕ್ರೆಡಿಟ್‌ಗಳನ್ನು ಹೆಚ್ಚಾಗಿ ಆನ್‌ಲೈನ್ ಕೋರ್ಸ್‌ಗಳ ಮೂಲಕ ಗಳಿಸಬೇಕು. ವಿಟಿಯು ಮತ್ತು ಸ್ವಾಯತ್ತ ಕಾಲೇಜುಗಳು ತಮ್ಮದೇ ನಿಯಮ ಮಾಡಿಕೊಂಡಿರುತ್ತವೆ. ಎಷ್ಟು ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಗ್ರೇಡ್) ಇರಬೇಕು, ಯಾವ ಸೆಮಿಸ್ಟರಿನಲ್ಲಿ ನೋಂದಾಯಿಸಬೇಕು ಎಂಬುದನ್ನು ನಾಲ್ಕನೇ ಸೆಮಿಸ್ಟರ್ ಮುಗಿಯುವುದರೊಳಗೆ ಪರೀಕ್ಷಾ ವಿಭಾಗದಲ್ಲಿ ಕೇಳಿಕೊಳ್ಳಿ. ಅಲ್ಲಿ ತಡವಾದರೆ ಆಮೇಲೆ ಯಾರ ಶಿಫಾರಸೂ ನಡೆಯುವುದಿಲ್ಲ.

ಬಿ.ಎ., ಬಿ.ಎಸ್ಸಿ., ಬಿ.ಕಾಂ. ಕಥೆ ಸ್ವಲ್ಪ ಸುತ್ತುಬಳಸಿನದು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ತಂದಿತು. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಬದಲಿಸಿ, 2024–25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯನ್ನೇ ಮಾಡಿತು. ಅದಕ್ಕೆ ಮೊದಲು ಸೇರಿದ ಮೂರು ತಂಡಗಳಿಗೆ ನಾಲ್ಕನೇ ವರ್ಷ ಓದುವ ಆಯ್ಕೆ ಉಳಿಯಿತು. 2023–24ರಲ್ಲಿ ಸೇರಿದವರಿಗೆ ಆ ವರ್ಷ 2026–27. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ನಡೆಯುತ್ತಲೇ ಇದೆ. ಹೀಗಾಗಿ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿಗೋ ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿಗೋ ಹೊಸದಾಗಿ ಸೇರುವವರು ‘ನಾಲ್ಕನೇ ವರ್ಷ ಉಂಟಂತೆ’ ಎಂಬ ಪಕ್ಕದ ಮನೆ ಅಣ್ಣನ ಮಾತನ್ನು ನೆಚ್ಚಬಾರದು. ಅವನ ತಂಡಕ್ಕೆ ಇದ್ದದ್ದು ನಿಮ್ಮ ತಂಡಕ್ಕೆ ಇರಬೇಕೆಂದಿಲ್ಲ. ನೀತಿ ಇನ್ನೊಮ್ಮೆ ಬದಲಾಗುವುದಿಲ್ಲ ಎಂದು ಆಣೆ ಮಾಡುವವರೂ ಯಾರಿಲ್ಲ, ಆದ್ದರಿಂದ ಸೇರುವ ವರ್ಷದ ಆದೇಶವನ್ನೇ ಓದಿ.

ಮನೆಯಿಂದ ದೂರ ಹೋಗಲು ಸಿದ್ಧರಿದ್ದರೆ ಬೆಂಗಳೂರಿನಲ್ಲೇ ಮೂರು ಜಾಗಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ 2011ರಲ್ಲಿ ಶುರುವಾದದ್ದು, ಕೊನೆಯ ವರ್ಷದಲ್ಲಿ ಸಂಶೋಧನೆಗೆ ಒತ್ತು ಇದೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್ ಆನರ್ಸ್ ಇದೆ. ಅಲ್ಲಿ ಪ್ರವೇಶ ಪರೀಕ್ಷೆ ಕಠಿಣ, ಆದರೆ ಒಳಗೆ ಹೋದವರಿಗೆ ತಿಂಗಳಿಗಿಷ್ಟು ಸ್ಟೈಪೆಂಡ್ ಕೊಟ್ಟು ಓದಿಸುತ್ತಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ಆದಾಯ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ. ಈ ಮೂರರ ಅರ್ಜಿಯೋ ಅವು ಕೇಳುವ ಪ್ರವೇಶ ಪರೀಕ್ಷೆಯ ಅರ್ಜಿಯೋ ಪಿಯುಸಿ ಫಲಿತಾಂಶಕ್ಕೆ ಕಾಯುವುದಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ನಮ್ಮ ತಾಲ್ಲೂಕುಗಳ ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಬುದ್ಧಿಯಲ್ಲಲ್ಲ, ದಿನಾಂಕದಲ್ಲಿ.

ಸೇರುವ ಮೊದಲು ಕಾಲೇಜಿನಲ್ಲಿ ಕೇಳಿ

ಪ್ರವೇಶದ ಕೌಂಟರಿನಲ್ಲಿ ಕೇಳಿದರೆ ಶುಲ್ಕದ ಪಟ್ಟಿ ಸಿಗುತ್ತದೆ, ಅಷ್ಟೇ. ವಿಭಾಗ ಮುಖ್ಯಸ್ಥರನ್ನು ನೋಡಿ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ, ಪಿಎಚ್.ಡಿ. ಆದವರು ಯಾರು, ಈಚೆಗೆ ವಿದ್ಯಾರ್ಥಿಗಳು ಮಾಡಿದ ಪ್ರಾಜೆಕ್ಟ್ ವರದಿಗಳನ್ನು ನೋಡಬಹುದೇ ಎಂದು ವಿಚಾರಿಸಿ. ಕೊನೆಯ ಪ್ರಶ್ನೆಯೇ ಮುಖ್ಯ. ವರದಿಗಳನ್ನು ಕೈಗೆ ಕೊಟ್ಟರೆ ಎರಡನ್ನು ಪಕ್ಕಪಕ್ಕ ಇಟ್ಟು ಪೀಠಿಕೆ ಓದಿ. ಎರಡರಲ್ಲೂ ಒಂದೇ ಪ್ಯಾರಾ ಇದ್ದರೆ ಅಲ್ಲಿನ ಸಂಶೋಧನೆ ಜೆರಾಕ್ಸ್ ಅಂಗಡಿಯಲ್ಲಿ ನಡೆಯುತ್ತಿದೆ ಎಂದರ್ಥ. ಅತಿಥಿ ಉಪನ್ಯಾಸಕರೇ ಹೆಚ್ಚಿದ್ದಾರೆಂದು ಕಾಲೇಜನ್ನು ತಳ್ಳಿಹಾಕಬೇಡಿ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಮುಗಿಸಿದ, ಓದಿನ ಹುರುಪು ಇನ್ನೂ ಆರದ ಅನೇಕರು ಅವರಲ್ಲಿದ್ದಾರೆ. ಮುಂದಿನ ವರ್ಷ ಅವರು ಅದೇ ಕಾಲೇಜಿನಲ್ಲಿ ಇರುತ್ತಾರೆಯೇ ಎಂಬುದಷ್ಟೇ ತೊಡಕು.

ಆನರ್ಸ್ ಇಲ್ಲದ ಕಾಲೇಜಿನಲ್ಲಿ ಆನರ್ಸ್ ಮಾಡುವುದು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳ ಪದ್ಧತಿ ಇದೆ. ಎಲ್ಲರಿಗೂ ಇರುವ ತರಗತಿಯಲ್ಲೇ ಕುಳಿತ ಆನರ್ಸ್ ವಿದ್ಯಾರ್ಥಿ, ಸೆಮಿಸ್ಟರಿನ ಆರಂಭದಲ್ಲಿ ಅಧ್ಯಾಪಕರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾನೆ: ಇಂಥ ಹೆಚ್ಚಿನ ಓದು, ಇಂಥ ಒಂದು ಬರಹ, ಇಷ್ಟು ಸಲ ಭೇಟಿ. ನಮ್ಮಲ್ಲಿ ಇದನ್ನು ನೀವಾಗಿಯೇ ಮಾಡಿಕೊಳ್ಳಲು ವಿಶ್ವವಿದ್ಯಾಲಯದ ಅನುಮತಿ, ಅನುದಾನ ಯಾವುದೂ ಬೇಡ. ಬೇಲೂರು, ಕಡೂರು, ಅರಸೀಕೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ನಡೆಯುತ್ತದೆ. ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ ನಿಜ, ಆದರೆ ಮುಂದೆ ಶಿಫಾರಸು ಪತ್ರ ಬರೆಯುವಾಗ ಆ ಅಧ್ಯಾಪಕರಿಗೆ ‘ಶಿಸ್ತಿನ ವಿದ್ಯಾರ್ಥಿ, ನಡತೆ ಉತ್ತಮ’ ಎನ್ನುವುದರ ಆಚೆಗೂ ಬರೆಯಲು ಏನಾದರೂ ಇರುತ್ತದೆ.

ಅಧ್ಯಾಪಕರ ಬಳಿ ಹೋಗಿ ‘ಸರ್, ನನಗೆ ಹೆಚ್ಚಿಗೆ ಏನಾದರೂ ಹೇಳಿಕೊಡಿ’ ಎಂದರೆ ಅವರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. ‘ಮೇಡಂ, ಈ ಸೆಮಿಸ್ಟರಿನಲ್ಲಿ ಪಠ್ಯದ ಹೊರಗಿನ ಎರಡು ಅಧ್ಯಾಯ ಓದಿ, ತಿಂಗಳಿಗೊಮ್ಮೆ ನಾಲ್ಕು ಪುಟ ಬರೆದು ತರುತ್ತೇನೆ, ನೋಡಿಕೊಡುತ್ತೀರಾ?’ ಎಂದು ಕೇಳಿ. ಇಷ್ಟು ಖಚಿತವಾಗಿ ಕೇಳಿದವರಿಗೆ ಆಗುವುದಿಲ್ಲ ಎನ್ನುವ ಅಧ್ಯಾಪಕರು ಕಡಿಮೆ.

ಇದರ ಜೊತೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲಿನಲ್ಲಿ ಸೆಮಿಸ್ಟರಿಗೆ ಒಂದು ಎನ್‌ಪಿಟಿಇಎಲ್ (ಐಐಟಿಯಂಥ ಸಂಸ್ಥೆಗಳ ಅಧ್ಯಾಪಕರ) ಕೋರ್ಸ್ ತೆಗೆದುಕೊಳ್ಳಿ. ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ ವಾರದ ಅಸೈನ್‌ಮೆಂಟ್‌ಗಳಿಗೆ 25, ಕೊನೆಯ ಪರೀಕ್ಷೆಗೆ 75 ಅಂಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂನಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ನಿಮ್ಮ ವಿಶ್ವವಿದ್ಯಾಲಯ ಕೊಟ್ಟಿದೆಯೇ ಎಂದು ಮೊದಲು ಕೇಳಿ, ಆಮೇಲೆ ಹಣ ಕಟ್ಟಿ. ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯನ್ನು ಡಿಜಿಲಾಕರ್ ಮೂಲಕ ಮೊದಲ ಸೆಮಿಸ್ಟರಿನಲ್ಲೇ ತೆರೆಯಿರಿ. ಹೆಸರು ಆಧಾರ್‌ನಲ್ಲಿ ಒಂದು ರೀತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೆ ಕೊನೆಯ ವರ್ಷದಲ್ಲಿ ಅಲೆದಾಡುವುದು ಬೇಡ.

ಪ್ರಬಂಧಕ್ಕೆ ಪ್ರಶ್ನೆ ಹುಡುಕುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ‘ಕಾಫಿ ಮತ್ತು ಹವಾಮಾನ ಬದಲಾವಣೆ’, ‘ಹೊಯ್ಸಳರ ಕಲೆ’, ‘ಹಾಸನದ ಕೃಷಿ’ ಇವು ವಿಷಯಗಳು, ಪ್ರಶ್ನೆಗಳಲ್ಲ. ಒಂದು ವರ್ಷದಲ್ಲಿ ಒಬ್ಬರೇ ಉತ್ತರಿಸಬಹುದಾದ, ಉತ್ತರ ಏನು ಬರುತ್ತದೋ ಮೊದಲೇ ಗೊತ್ತಿಲ್ಲದ ಪ್ರಶ್ನೆ ಬೇಕು.

ಮೊದಲನೆಯದನ್ನೇ ತೆಗೆದುಕೊಳ್ಳೋಣ. ಕಾಫಿ ಬೆಳೆಗೆ ಬೇಸಿಗೆಯ ಹೂಮಳೆ ಜೀವಾಳ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಅದಾಗಿ ಎರಡು ಮೂರು ವಾರದೊಳಗೆ ಮತ್ತೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಮೂಡಿಗೆರೆ, ಸಕಲೇಶಪುರದ ಎಷ್ಟೋ ಹಳೆಯ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಿಗ್ಗೆ ಮಾಪಕ ನೋಡಿ, ತಾರೀಖಿನ ಎದುರು ಇಂಚು, ಸೆಂಟು ಎಂದು ಬರೆದಿರುತ್ತಾರೆ. ಈಗ ಪ್ರಶ್ನೆ ಹೀಗಾಗಬಹುದು: ‘ಈ ತೋಟದಲ್ಲಿ 1980ರಿಂದ ಈಚೆಗೆ ಮೊದಲ ಹೂಮಳೆ ಬೀಳುವ ವಾರ ಬದಲಾಗಿದೆಯೇ? ಎರಡನೇ ಮಳೆಗೆ ಇರುವ ಅಂತರ ಹೆಚ್ಚಾಗಿದೆಯೇ?’ ಇಷ್ಟು ಸಾಕು, ಒಂದು ವರ್ಷದ ಕೆಲಸ ಇದರಲ್ಲಿದೆ.

ಕೆಲಸದ ಕ್ರಮ ಹೀಗೆ. ತೋಟದ ಮಾಲೀಕರ ಅನುಮತಿ ಪಡೆದು ಪ್ರತಿ ಪುಟದ ಫೋಟೋ ತೆಗೆಯಿರಿ, ಪುಸ್ತಕವನ್ನು ಮನೆಗೆ ಒಯ್ಯಬೇಡಿ. ಸೆಂಟನ್ನು ಮಿಲಿಮೀಟರಿಗೆ ತಿರುಗಿಸಿ: ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿ.ಮೀ. ಎಕ್ಸೆಲ್‌ಗೆ ಏರಿಸುವಾಗ ಒಂದು ಎಚ್ಚರ ಬೇಕು. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನಕ್ಕೆ ಸೊನ್ನೆ ಹಾಕಬೇಡಿ. ಆ ದಿನ ಮಳೆ ಬರಲಿಲ್ಲವೋ, ತೋಟದ ರೈಟರು ಜಾತ್ರೆಗೆ ಹೋಗಿದ್ದರೋ ಹೇಳಲಾಗದು. ಸೊನ್ನೆಯೇ ಬೇರೆ, ಖಾಲಿಯೇ ಬೇರೆ. ಅಂಥ ದಿನಗಳನ್ನು ಪಕ್ಕದ ತೋಟದ ಪುಸ್ತಕದ ಜೊತೆ, ಈಚಿನ ವರ್ಷಗಳದ್ದಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಅಂಶದ ಜೊತೆ ತಾಳೆ ನೋಡಿ. ಕೈಬರಹ ಬದಲಾದ ವರ್ಷ, ಮಾಪಕದ ಜಾಗ ಬದಲಾದ ವರ್ಷ ಗುರುತು ಹಾಕಿಕೊಳ್ಳಿ. ಇದೆಲ್ಲ ಗುಮಾಸ್ತರ ಕೆಲಸದಂತೆ ಕಾಣಬಹುದು. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಹಿಡಿದು ಎಳೆಯುವುದು ಇದನ್ನೇ. ಹಿನ್ನೆಲೆಯ ಓದಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. 1925ರಿಂದ ಅಲ್ಲಿ ಕಾಫಿಯ ಮೇಲೆ ಪ್ರಯೋಗ ನಡೆಯುತ್ತಿದೆ.

ಇತಿಹಾಸದವರಿಗೆ ಈ ಸೀಮೆಯಷ್ಟು ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ. ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲಿ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆದರೆ ಶಿಲ್ಪಗಳ ಮೇಲೆ ಇನ್ನೊಂದು ವರ್ಣನೆ ಯಾರಿಗೂ ಬೇಕಾಗಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ ಹಾಸನ ಜಿಲ್ಲೆಯದು, ಆರನೆಯದು ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರಿನದು. ಒಂದು ತಾಲ್ಲೂಕಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದ, ಕೆರೆಗೆ ದತ್ತಿ ಬಿಟ್ಟ ಉಲ್ಲೇಖಗಳನ್ನೆಲ್ಲ ಪಟ್ಟಿ ಮಾಡಿ, ಅವುಗಳಲ್ಲಿ ಯಾವ ಕೆರೆ ಇಂದಿಗೂ ನೀರು ಹಿಡಿಯುತ್ತಿದೆ ಎಂದು ಊರೂರಿಗೆ ಹೋಗಿ ನೋಡಿ. ಹಳೆಯ ಊರಿನ ಹೆಸರನ್ನು ಈಗಿನ ನಕ್ಷೆಯಲ್ಲಿ ಪತ್ತೆ ಹಚ್ಚುವುದಕ್ಕೇ ಒಂದು ಅಧ್ಯಾಯ ಬೇಕಾದೀತು. ವಿದ್ಯಾರ್ಥಿನಿಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ.

ಅರ್ಥಶಾಸ್ತ್ರ, ವಾಣಿಜ್ಯದವರು ಹಾಸನದ ಆಲೂಗಡ್ಡೆಯನ್ನು ನೋಡಬಹುದು. ಬಿತ್ತನೆ ಗೆಡ್ಡೆ ಜಲಂಧರದಿಂದ ಬರುತ್ತದೆ, ಅಂಗಮಾರಿ ರೋಗ ಬಂದರೆ ಹಾಕಿದ ಬಂಡವಾಳವೂ ಹೋಗುತ್ತದೆ. ಒಂದೇ ಹೋಬಳಿಯ ರೈತರ ಬಿತ್ತನೆ ಖರ್ಚಿನ ಲೆಕ್ಕ ತೆಗೆದರೆ ಸಾಕು.

ಮಾರ್ಗದರ್ಶಕರನ್ನು ಹುಡುಕುವುದು

ಪ್ರಶ್ನೆ ಕೈಯಲ್ಲಿ ಇಟ್ಟುಕೊಂಡು ಮಾರ್ಗದರ್ಶಕರ ಬಳಿ ಹೋಗಿ, ಬರಿಗೈಯಲ್ಲಿ ಅಲ್ಲ. ನಿಮ್ಮ ಕಾಲೇಜಿನಲ್ಲಿ ಆ ವಿಷಯ ಬಲ್ಲವರಿಲ್ಲದಿದ್ದರೆ ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿನ ಅಥವಾ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಲ್ಲಿ ವಿಚಾರಿಸಿ. ಹೊರಗಿನವರಿಗೆ ಬರೆಯುವ ಪತ್ರ ಚಿಕ್ಕದಾಗಿರಲಿ:

‘ಮಾನ್ಯರೇ, ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಊರಿನ ಒಂದು ಕಾಫಿ ತೋಟದ ನಲವತ್ತು ವರ್ಷಗಳ ಮಳೆ ದಾಖಲೆಯನ್ನು ಗಣಕೀಕರಿಸುತ್ತಿದ್ದೇನೆ. ದಾಖಲೆಯಿಲ್ಲದ ದಿನಗಳನ್ನು ಲೆಕ್ಕದಲ್ಲಿ ಹೇಗೆ ನಿಭಾಯಿಸಬೇಕು ಎಂಬಲ್ಲಿ ತೊಡಕಾಗಿದೆ. ಮಾದರಿಗೆ ಒಂದು ವರ್ಷದ ಹಾಳೆಯನ್ನು ಲಗತ್ತಿಸಿದ್ದೇನೆ. ಹದಿನೈದು ನಿಮಿಷ ಸಮಯ ಕೊಟ್ಟರೆ ಬಂದು ಕಾಣುತ್ತೇನೆ.’

ಸಾಧನೆಗಳ ಪಟ್ಟಿ, ‘ತಮ್ಮ ಪಾದಾರವಿಂದಗಳಲ್ಲಿ’ ಎಂಬ ವಿನಯ ಎರಡೂ ಬೇಡ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಆಗಲೂ ಬಾರದಿದ್ದರೆ ಬೇರೆಯವರಿಗೆ ಬರೆಯಿರಿ. ಉತ್ತರಿಸದವರು ಅಹಂಕಾರಿಗಳೇನಲ್ಲ, ಅವರ ಇನ್‌ಬಾಕ್ಸ್ ತುಂಬಿರುತ್ತದೆ.

ಬೇಸಿಗೆ ರಜೆ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಎರಡು ತಿಂಗಳು ಯಾವುದಾದರೂ ಪ್ರಯೋಗಾಲಯದಲ್ಲಿ ವಿಜ್ಞಾನಿಯ ಜೊತೆ ಕೆಲಸ, ಜೊತೆಗೆ ಸ್ಟೈಪೆಂಡ್ ಮತ್ತು ಪ್ರಯಾಣ ವೆಚ್ಚ. ಅರ್ಜಿಗೆ ಒಂದು ಸಣ್ಣ ಬರಹ ಮತ್ತು ಅಧ್ಯಾಪಕರ ಶಿಫಾರಸು ಬೇಕು. ಬೇಸಿಗೆಯ ಕೆಲಸಕ್ಕೆ ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಪದವಿ ವಿದ್ಯಾರ್ಥಿಗಳಿಗೆ ಇಂಥ ಅವಕಾಶವಿದೆ. ಎಂಜಿನಿಯರಿಂಗ್‌ನವರ ಅಂತಿಮ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ, ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು.

ನಾಲ್ಕನೇ ವರ್ಷ ಬೇಕೇ?

ಆ ಆಯ್ಕೆ ಇರುವವರಿಗೆ ಲೆಕ್ಕ ಇಷ್ಟು. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಹೆಚ್ಚು ಇದ್ದವರು ಸಂಶೋಧನೆಯೊಂದಿಗೆ ಆನರ್ಸ್ ಆರಿಸಿಕೊಳ್ಳಬಹುದು. ಅದರಲ್ಲಿ ಪ್ರಬಂಧಕ್ಕೇ 12 ಕ್ರೆಡಿಟ್. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಬಂದವರು ಎಂ.ಎ., ಎಂ.ಎಸ್ಸಿ. ಇಲ್ಲದೆಯೇ ನೆಟ್ ಬರೆಯಬಹುದು, ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಪಿಎಚ್.ಡಿ. ಅರ್ಹತೆಯಲ್ಲಿ ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದವರಿಗೆ ಶೇ 5ರ ರಿಯಾಯಿತಿ ಇದೆ. ನೆಟ್‌ನಲ್ಲಿ ಮುಂಚೂಣಿಯಲ್ಲಿ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಬಂದರೆ 2023ರಲ್ಲಿ ಪರಿಷ್ಕರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ.

ಸರ್ಕಾರಿ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಶುಲ್ಕ ದೊಡ್ಡ ಹೊರೆಯಲ್ಲ. ಮನೆಯವರಿಗೆ ಭಾರವಾಗುವುದು ಸಂಪಾದನೆ ಇಲ್ಲದ ಇನ್ನೊಂದು ವರ್ಷ. ‘ಅಪ್ಪ, ಮೂರು ವರ್ಷದ ಮೇಲೆ ಎರಡು ವರ್ಷ ಎಂ.ಎಸ್ಸಿ. ಮಾಡಿದರೂ ಐದು, ನಾಲ್ಕರ ಮೇಲೆ ಒಂದು ವರ್ಷದ ಎಂ.ಎಸ್ಸಿ. ಮಾಡಿದರೂ ಐದೇ’ ಎಂದು ವಿವರಿಸಬಹುದು, ಆದರೆ ಒಂದು ವರ್ಷದ ಎಂ.ಎಸ್ಸಿ.ಯನ್ನು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯ ನಡೆಸುತ್ತಿದೆ ಎಂದು ಖಚಿತವಾದ ಮೇಲೆ ಮಾತ್ರ ಈ ಮಾತು ಆಡಿ. ವಿದ್ಯಾರ್ಥಿವೇತನ ಪಡೆಯುತ್ತಿರುವವರು ನಾಲ್ಕನೇ ವರ್ಷಕ್ಕೂ ಅದು ಮುಂದುವರಿಯುತ್ತದೆಯೇ ಎಂದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಎರಡು ವರ್ಷದ ಬಿ.ಇಡಿ. ಸೇರುವವರಿಗೆ, ಯಾವುದಾದರೂ ಪದವಿ ಸಾಕು ಎನ್ನುವ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ನಾಲ್ಕನೇ ವರ್ಷದಿಂದ ಹೆಚ್ಚಿನ ಲಾಭವಿಲ್ಲ, ಮೂರು ವರ್ಷಕ್ಕೇ ಪದವಿ ಪ್ರಮಾಣಪತ್ರ ತೆಗೆದುಕೊಂಡು ಹೊರಡಬಹುದು. ಮುಂದುವರಿಯುವವರು ಆರನೇ ಸೆಮಿಸ್ಟರ್ ಫಲಿತಾಂಶ ಬರುವ ಮೊದಲೇ ಮಾರ್ಗದರ್ಶಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅದರ ಒಂದು ಪ್ರತಿಯನ್ನು ಕಾಲೇಜು ಕಚೇರಿಗೆ ಕೊಟ್ಟು, ಇನ್ನೊಂದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.